ಓದುಗರನ್ನು ಅರಸಿ ಹೊರಟ ಗ್ರಂಥಕರ್ತ: ಗಳಗನಾಥರ ಉದ್ಯಮ ಮತ್ತು ಕನ್ನಡ ವಾಚಕವರ್ಗದ ಉದಯ

೧

ನಮ್ಮ ಸಾಹಿತ್ಯಚರಿತ್ರೆಗಳು ಕವಿಯ ಕಾಲ, ಮತ, ಆಶ್ರಯದಾತ, ಕೃತಿ ಎಂಬ ನಾಲ್ಕು ಕಂಬಗಳ ಮೇಲೆ ನಿಂತಿರುವಂಥವು. ಕೃತಿಯನ್ನು ಓದಿದವರು ಯಾರು, ಅದು ಅವರ ಕೈಗೆ ಯಾವ ದಾರಿಯಿಂದ ಬಂದಿತು, ಒಮ್ಮೆ ಓದಿದವರು ಮತ್ತೊಮ್ಮೆ ಅದೇ ಗ್ರಂಥಕರ್ತನನ್ನು ಅರಸಿದ್ದು ಏಕೆ ಎಂಬ ಪ್ರಶ್ನೆಗಳಿಗೆ ಅವುಗಳಲ್ಲಿ ದೊರೆಯುವ ಎಡೆ ಅತ್ಯಲ್ಪ. ಓದುಗನೆಂಬವನು ಸದಾ ಸಿದ್ಧನಾಗಿಯೇ ಇರುತ್ತಾನೆ, ಕೃತಿ ಹೊರಬಿದ್ದೊಡನೆ ತಾನಾಗಿಯೇ ಬಂದು ಅದನ್ನು ಕೈಗೆತ್ತಿಕೊಳ್ಳುತ್ತಾನೆ ಎಂಬ ಒಂದು ಮೌನವಾದ ನಂಬಿಕೆ ಈ ಚರಿತ್ರೆಗಳ ಹಿಂದೆ ಇದೆ. ಆದರೆ ವಾಸ್ತವ ಹೀಗಿಲ್ಲ. ಗ್ರಂಥಗಳು ವಿರಳವಾಗಿದ್ದ ಕಾಲದಲ್ಲಿಯೂ ಓದುಗನನ್ನು ದೊರಕಿಸಿಕೊಳ್ಳುವುದು ಕಷ್ಟವಾಗಿತ್ತು. ಗ್ರಂಥಗಳು ಹೆಚ್ಚಿದ ಕಾಲದಲ್ಲಿ ಅದು ಬೇರೆ ಬಗೆಯ ಕಷ್ಟವಾಯಿತು.

ಪ್ರಸ್ತುತ ಲೇಖನದ ಉದ್ದೇಶ ಸೀಮಿತವಾದುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿ ಪ್ರಾಂತದ ಕನ್ನಡ ಸೀಮೆಯಲ್ಲಿ ಒಬ್ಬ ಗ್ರಂಥಕರ್ತರು ತಮ್ಮ ಬರವಣಿಗೆಗೆ ತಾವೇ ಓದುಗರನ್ನು ಹೇಗೆ ಸಂಪಾದಿಸಿಕೊಂಡರು ಎಂಬುದನ್ನು ಪರಿಶೀಲಿಸುವುದೇ ಇಲ್ಲಿನ ಕಾರ್ಯ. ಆ ಗ್ರಂಥಕರ್ತರು ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (೧೮೬೯-೧೯೪೨). ಅವರು ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರೆಂಬ ಮಾತು ಕನ್ನಡಿಗರೆಲ್ಲರೂ ಬಲ್ಲದ್ದೇ. ಆ ಮಾತನ್ನು ನಾವು ಭಕ್ತಿಯಿಂದ ನೆನೆಯುತ್ತೇವೆ, ಆದರೆ ವಿಚಾರ ಮಾಡುವುದಿಲ್ಲ. ಹೊತ್ತು ತಿರುಗಿದ ಮಾತ್ರಕ್ಕೆ ಪುಸ್ತಕ ಮಾರಾಟವಾಗುವುದಾದರೆ ಎಲ್ಲರ ಪುಸ್ತಕಗಳೂ ಮಾರಾಟವಾಗಬೇಕಾಗಿತ್ತು. ಗಂಟಿನ ಹಿಂದೆ ಇದ್ದ ವ್ಯವಸ್ಥೆ ಯಾವುದು? ಅದಕ್ಕಾಗಿ ಗ್ರಂಥಕರ್ತರು ತೆತ್ತ ಬೆಲೆ ಏನು? ಈ ಎರಡು ಪ್ರಶ್ನೆಗಳು ಇಲ್ಲಿ ಮುಖ್ಯ.

೨

ಹಿನ್ನೆಲೆಯಾಗಿ ಪ್ರಾಚೀನ ಕಾಲದ ಸ್ಥಿತಿಯನ್ನು ಸಂಕ್ಷೇಪವಾಗಿ ನೆನೆಯಬೇಕು. ಓಲೆಗರಿಯ ಕಾಲದಲ್ಲಿ ಕೃತಿಯ ಪ್ರಸಾರಕ್ಕೆ ಮೂರು ದಾರಿಗಳಿದ್ದವು. ಮೊದಲನೆಯದು ದಾನ. ಪೊನ್ನನಿಂದ 'ಶಾಂತಿಪುರಾಣ'ವನ್ನು ಬರೆಯಿಸಿದವರು ಮಲ್ಲಪ, ಪುನ್ನಮಯ್ಯ ಎಂಬ ಸೋದರರು. ಆ ಮಲ್ಲಪನ ಮಗಳಾದ ಅತ್ತಿಮಬ್ಬೆ ಅದೇ ಕೃತಿಯ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಹತ್ತನೆಯ ಶತಮಾನದ ದೊಡ್ಡ ಸಾಂಸ್ಕೃತಿಕ ಘಟನೆ. ತಂದೆ ಕೃತಿಯನ್ನು ಹುಟ್ಟಿಸಿದರೆ ಮಗಳು ಅದಕ್ಕೆ ಓದುಗರನ್ನು ಹುಟ್ಟಿಸಿದಳು. ಈ ಎರಡನೆಯ ಕಾರ್ಯ ಮೊದಲನೆಯದಕ್ಕಿಂತ ಕಿರಿದಲ್ಲ. ಒಂದು ಪ್ರತಿಯನ್ನು ಸಿದ್ಧಪಡಿಸಲು ಲಿಪಿಕಾರನೊಬ್ಬ ಎಷ್ಟು ದಿನ ಕಂಠವನ್ನು ಹಿಡಿದು ಕೂಡಬೇಕಾಗಿತ್ತೆಂಬುದನ್ನು ಊಹಿಸಿದರೆ ಸಾವಿರ ಪ್ರತಿಗಳ ಅರ್ಥ ತಿಳಿಯುತ್ತದೆ.

ಎರಡನೆಯ ದಾರಿ ವಾಚನ. ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ ಇವು ಅಕ್ಷರ ಬಲ್ಲವರ ಸಂಖ್ಯೆಯನ್ನು ನೆಚ್ಚಿ ಬದುಕಿದ ಕೃತಿಗಳಲ್ಲ. ಓದುವವನೊಬ್ಬ, ಅರ್ಥ ಹೇಳುವವನೊಬ್ಬ, ಕೇಳುವವರು ಊರಿಗೆ ಊರೇ ಎಂಬ ಗಮಕದ ವ್ಯವಸ್ಥೆಯಲ್ಲಿ ಒಂದು ಹಸ್ತಪ್ರತಿ ಇಡೀ ಗ್ರಾಮಕ್ಕೆ ಸಾಕಾಗುತ್ತಿತ್ತು. ಮೂರನೆಯ ದಾರಿ ಸಂಚಾರ. ಹರಿದಾಸರು ಮಧುಕರವೃತ್ತಿಯಿಂದ ಮನೆಮನೆಯ ಬಾಗಿಲಿಗೆ ಹೋದರು. ಪದವೇ ಅವರ ಸರಕು, ಅದಕ್ಕೆ ಪ್ರತಿಯಾಗಿ ಹಿಡಿ ಅಕ್ಕಿ. ಇಲ್ಲಿ ಕೃತಿಕಾರನೂ ಪ್ರಸಾರಕನೂ ಒಬ್ಬನೇ ಆಗಿರುವುದನ್ನು ಗಮನಿಸಬೇಕು.

ಮುದ್ರಣಯಂತ್ರ ಬಂದ ಮೇಲೆ ಈ ಮೂರು ದಾರಿಗಳೂ ಒಮ್ಮೆಗೇ ಕಿರಿದಾದವು. ಪ್ರತಿಗಳನ್ನು ಮಾಡುವುದು ಸುಲಭವಾಯಿತು, ಆದರೆ ಅವನ್ನು ಕೊಳ್ಳುವವರು ಯಾರೆಂಬುದು ಗೊತ್ತಿರಲಿಲ್ಲ. ದಾನಿಯ ಸ್ಥಾನದಲ್ಲಿ ಕ್ರಯ ಕೊಡುವ ಅಪರಿಚಿತನೊಬ್ಬ ಬರಬೇಕಾಯಿತು. ಅವನು ಒಂಟಿಯಾಗಿ, ಮೌನವಾಗಿ, ತನ್ನ ಮನೆಯಲ್ಲಿ ಕುಳಿತು ಓದುವವನಾಗಬೇಕಾಗಿತ್ತು. ಅಂಥವನು ನಮ್ಮ ಪರಂಪರೆಯಲ್ಲಿ ಹೆಚ್ಚಾಗಿ ಇರಲಿಲ್ಲ. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ ಹೊರಡಿಸಿದ 'ಮಂಗಳೂರ ಸಮಾಚಾರ'ವು ಮರುವರ್ಷವೇ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಕನ್ನಡದ ಮೊದಲ ಪತ್ರಿಕೆಯೇ ಹೀಗೆ ಊರನ್ನೂ ಹೆಸರನ್ನೂ ಬದಲಿಸಿಕೊಂಡು ಹೆಚ್ಚು ವಿಸ್ತಾರವಾದ ಸೀಮೆಯನ್ನು ಅರಸಿತೆಂಬುದು ಆ ಕಾಲದ ಸ್ಥಿತಿಯನ್ನು ಸೂಚಿಸುತ್ತದೆ.

೩

ಗಳಗನಾಥರು ಬರೆಯಲು ತೊಡಗಿದ ಕಾಲದ ಧಾರವಾಡ ಸೀಮೆಯ ಚಿತ್ರ ಇನ್ನೂ ಜಟಿಲವಾದುದು. ೧೯೦೧ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಕ್ಷರಸ್ಥರು ಶೇಕಡ ೫ಕ್ಕೆ ತುಸು ಹೆಚ್ಚು. ಸ್ತ್ರೀಯರಲ್ಲಿ ಶೇಕಡ ೧ಕ್ಕೂ ಕಡಮೆ. ಈ ಅಲ್ಪ ಸಂಖ್ಯೆಯೊಳಗೂ ಮುಂಬಯಿ ಕರ್ನಾಟಕದ ವಿದ್ಯಾವಂತರಲ್ಲಿ ಅನೇಕರ ಓದಿನ ಭಾಷೆ ಕನ್ನಡವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಈ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯೇ ಬೇರೂರಿತ್ತು. ಡೆಪ್ಯುಟಿ ಚೆನ್ನಬಸಪ್ಪನವರೂ ರಸೆಲ್ ಸಾಹೇಬರೂ ಕನ್ನಡ ಶಾಲೆಗಳಿಗಾಗಿ ದುಡಿದ ಮೇಲೆ ಈ ಸ್ಥಿತಿ ಮೆಲ್ಲಗೆ ಬದಲಾಯಿತು. ಆದರೂ ಮನೆಯಲ್ಲಿ ಕನ್ನಡ ಮಾತನಾಡುವವನು ಓದಿಗೆ ಕುಳಿತಾಗ ಪುಣೆಯಿಂದ ಬಂದ 'ಕೇಸರಿ'ಯನ್ನೋ ಮರಾಠಿ ಕಾದಂಬರಿಯನ್ನೋ ಕೈಗೆತ್ತಿಕೊಳ್ಳುವುದು ವಾಡಿಕೆಯಾಗಿತ್ತು.

ಆದುದರಿಂದ ಕನ್ನಡ ಗ್ರಂಥಕರ್ತನ ಎದುರಿಗಿದ್ದುದು ಬರಿದಾದ ಬಯಲಲ್ಲ, ಆಗಲೇ ಅಂಗಡಿಗಳು ತುಂಬಿದ ಸಂತೆ. ಒಂದು ಕಡೆ ಇಂಗ್ಲಿಷು, ಮತ್ತೊಂದು ಕಡೆ ಮರಾಠಿ. ಇವೆರಡರ ನಡುವೆ ಕನ್ನಡದ ಪುಸ್ತಕ ತನಗೊಂದು ಎಡೆ ಮಾಡಿಕೊಳ್ಳಬೇಕಾಗಿತ್ತು. ೧೮೯೦ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಬಹುಮಾನಗಳ ಮೂಲಕ ಗ್ರಂಥರಚನೆಗೆ ಉತ್ತೇಜನ ಕೊಟ್ಟಿತು. ೧೮೯೬ರಲ್ಲಿ 'ವಾಗ್ಭೂಷಣ'ವನ್ನು ಆರಂಭಿಸಿತು. ಗಳಗನಾಥರ ಮೊದಲ ಕಾದಂಬರಿ 'ಪ್ರಬುದ್ಧ ಪದ್ಮನಯನೆ'ಗೂ ಸಂಘದ ಮನ್ನಣೆ ದೊರೆಯಿತು. ಬಹುಮಾನ ಗ್ರಂಥಕರ್ತನಿಗೆ ಧೈರ್ಯ ಕೊಡುತ್ತದೆ; ಆದರೆ ಓದುಗರನ್ನು ಕೊಡುವುದಿಲ್ಲ. ಪರೀಕ್ಷಕರು ಮೆಚ್ಚಿದ ಪುಸ್ತಕ ಕಪಾಟಿನಲ್ಲಿ ಧೂಳು ಹಿಡಿಯುವುದು ಅಂದಿಗೂ ಇಂದಿಗೂ ಅಪೂರ್ವವಲ್ಲ.

೪

ಗಳಗನಾಥವೆಂಬುದು ಹಾವೇರಿ ತಾಲೂಕಿನಲ್ಲಿ ವರದೆಯು ತುಂಗಭದ್ರೆಯನ್ನು ಕೂಡುವ ಎಡೆಯಲ್ಲಿರುವ ಗ್ರಾಮ. ಚಾಲುಕ್ಯ ಕಾಲದ ಗಳಗೇಶ್ವರ ದೇವಾಲಯದಿಂದ ಹೆಸರಾದುದು. ಅಲ್ಲಿ ಹುಟ್ಟಿದ ವೆಂಕಟೇಶ ಕುಲಕರ್ಣಿಯವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಕನ್ನಡ ಶಾಲೆಗಳ ಶಿಕ್ಷಕರಾದರು. ಅವರ ಬರವಣಿಗೆಯನ್ನು ತಿಳಿಯಲು ಈ ವೃತ್ತಿಯ ನೆನಪು ಅವಶ್ಯ. ಹಳ್ಳಿಯ ಶಿಕ್ಷಕನಿಗೆ ಯಾರಿಗೆ ಎಷ್ಟು ಓದಲು ಬರುತ್ತದೆ, ಯಾವ ಶಬ್ದ ಬಂದಾಗ ಓದುವವನ ನಾಲಗೆ ತಡವರಿಸುತ್ತದೆ, ಶಾಲೆ ಬಿಟ್ಟ ಮೇಲೆ ಅಕ್ಷರ ಎಷ್ಟು ವರ್ಷ ಉಳಿಯುತ್ತದೆ ಎಂಬುದು ಕರತಲಾಮಲಕ. ಗಳಗನಾಥರು ಬರೆದದ್ದು ಅಂಥವರಿಗಾಗಿ. ಕಾಲಕ್ರಮದಲ್ಲಿ ಅವರು ನೌಕರಿಯ ಭದ್ರತೆಯನ್ನು ತೊರೆದು ಬರವಣಿಗೆಗೇ ತಮ್ಮನ್ನು ಒಪ್ಪಿಸಿಕೊಂಡರು. ಕನ್ನಡದಲ್ಲಿ ಲೇಖನಿಯನ್ನೇ ನೆಚ್ಚಿ ಬದುಕಲು ಹೊರಟವರಲ್ಲಿ ಅವರು ಮೊದಲಿಗರ ಸಾಲಿನವರು.

ಪುಸ್ತಕದ ಗಂಟು ಬರುವುದು ಇಲ್ಲಿ. ಅಂದಿನ ಹಳ್ಳಿಗಳಲ್ಲಿ ಪುಸ್ತಕದ ಅಂಗಡಿಗಳಿರಲಿಲ್ಲ. ಸಂತೆಗೆ ಬರುವ ಪುಸ್ತಕಗಳೆಂದರೆ ಪಂಚಾಂಗ, ಸ್ತೋತ್ರ, ಬಯಲಾಟದ ಪ್ರತಿ ಮೊದಲಾದವು. ಆದುದರಿಂದ ಗಳಗನಾಥರು ತಾವೇ ಅಂಗಡಿಯಾದರು. ಈ ಸಂಚಾರವನ್ನು ಕೇವಲ ಮಾರಾಟವೆಂದು ಎಣಿಸಿದರೆ ಅದರ ಅರ್ಧ ಮಹತ್ವ ನಮ್ಮ ಕೈತಪ್ಪುತ್ತದೆ. ಮನೆಯ ಕಟ್ಟೆಯ ಮೇಲೆ ಕುಳಿತು ಮಾತನಾಡಿದ ಗ್ರಂಥಕರ್ತನಿಗೆ ಯಾವ ಪುಸ್ತಕವನ್ನು ಯಾರು ಓದಿದರು, ಎಲ್ಲಿ ಬೇಸರಪಟ್ಟರು, ಮುಂದೇನು ಬೇಡುತ್ತಾರೆ ಎಂಬುದು ನೇರವಾಗಿ ತಿಳಿಯುತ್ತದೆ. ಕೊಂಡವನಿಗೂ ಪುಸ್ತಕದೊಡನೆ ಒಬ್ಬ ಮನುಷ್ಯನ ಪರಿಚಯ ದೊರೆಯುತ್ತದೆ. ಮುಂದಿನ ಪುಸ್ತಕ ಬಂದಾಗ ಅವನು ಕೊಳ್ಳುವುದು ಹೆಸರು ಕೇಳದ ಒಂದು ಕಾದಂಬರಿಯನ್ನಲ್ಲ, ತನ್ನ ಮನೆಗೆ ಬಂದು ಹೋದ ಮಾಸ್ತರರ ಕಥೆಯನ್ನು. ಹರಿದಾಸರ ಸಂಚಾರಕ್ಕೂ ಈ ಸಂಚಾರಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಜನರಿಗೆ ಪರಿಚಿತವಾಗಿದ್ದ ಹಳೆಯ ದಾರಿಯಲ್ಲಿಯೇ ಹೊಸ ಸರಕು ಬಂದುದರಿಂದ ಬಾಗಿಲುಗಳು ತೆರೆದವು.

೫

ಆದರೆ ಕಾಲುನಡಿಗೆಗೆ ಒಂದು ಮಿತಿಯಿದೆ. ಒಬ್ಬ ಮನುಷ್ಯ ಒಂದು ವರ್ಷದಲ್ಲಿ ಎಷ್ಟು ಊರುಗಳನ್ನು ಮುಟ್ಟಿಯಾನು? ಸಂಚಾರದಿಂದ ಹುಟ್ಟಿದ ಪರಿಚಯವನ್ನು ಉಳಿಸಿಕೊಳ್ಳಲು ಬೇರೊಂದು ಸಾಧನ ಬೇಕು. ಅದು ಮಾಸಪತ್ರಿಕೆ. ೧೯೦೭ರಲ್ಲಿ ಅಗಡಿಯ ಆನಂದವನದಿಂದ, ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ ಆರಂಭವಾದ 'ಸದ್ಬೋಧ ಚಂದ್ರಿಕೆ'ಯ ಜೀವಾಳ ಗಳಗನಾಥರ ಬರವಣಿಗೆಯೇ ಆಗಿತ್ತು. ಮುಂದೆ ಅವರು 'ಸದ್ಗುರು' ಎಂಬ ತಮ್ಮದೇ ಪತ್ರಿಕೆಯನ್ನೂ ನಡೆಸಿದರು.

ಈ ವ್ಯವಸ್ಥೆಯ ಹಿಂದೆ ಮಾದರಿಯೊಂದು ಇದ್ದಿತು. ಪುಣೆಯಲ್ಲಿ ಹರಿ ನಾರಾಯಣ ಆಪಟೆಯವರು (೧೮೬೪-೧೯೧೯) ೧೮೯೦ರಲ್ಲಿ 'ಕರಮಣೂಕ' ಎಂಬ ವಾರಪತ್ರಿಕೆಯನ್ನು ಆರಂಭಿಸಿ ತಮ್ಮ ಕಾದಂಬರಿಗಳನ್ನು ಅದರಲ್ಲಿ ಧಾರಾವಾಹಿಯಾಗಿ ಬರೆದರು. ಗಳಗನಾಥರು ಆಪಟೆಯವರ ಕೃತಿಗಳನ್ನು ಕನ್ನಡಕ್ಕೆ ತಂದರೆಂಬುದನ್ನು ವಿಮರ್ಶಕರು ಹೇಳುತ್ತಾರೆ. ಕಥೆಗಳೊಡನೆ ಆ ಕಥೆಗಳನ್ನು ಓದುಗರಿಗೆ ಮುಟ್ಟಿಸುವ ಕ್ರಮವೂ ಪುಣೆಯಿಂದ ಹಾವೇರಿ ಸೀಮೆಗೆ ಬಂದಿತೆಂಬುದನ್ನು ಅಷ್ಟೇ ಒತ್ತಿ ಹೇಳಬೇಕಾಗಿದೆ. ಮರಾಠಿಯ ಸಂತೆಯಲ್ಲಿ ಕನ್ನಡ ಸೋಲುತ್ತಿದ್ದಾಗ ಗಳಗನಾಥರು ಆ ಸಂತೆಯನ್ನು ಬೈಯುತ್ತ ಕೂಡಲಿಲ್ಲ. ಅಲ್ಲಿ ವ್ಯಾಪಾರ ಹೇಗೆ ನಡೆಯುತ್ತದೆಂಬುದನ್ನು ಕಲಿತರು.

ಧಾರಾವಾಹಿಯ ಗುಣ ಎರಡು ಬಗೆಯದು. ಕಥೆಯನ್ನು ಕುತೂಹಲದ ಎಡೆಯಲ್ಲಿ ನಿಲ್ಲಿಸಿದಾಗ ಓದುಗ ಮುಂದಿನ ತಿಂಗಳಿನ ದಾರಿ ಕಾಯುತ್ತಾನೆ. ಇದು ಎಲ್ಲರೂ ಬಲ್ಲದ್ದು. ಎರಡನೆಯ ಗುಣ ಇದಕ್ಕಿಂತ ಸೂಕ್ಷ್ಮವಾದುದು. ದಪ್ಪನೆಯ ಪುಸ್ತಕವನ್ನು ಕಂಡು ಅಂಜುವ ಅಲ್ಪಾಕ್ಷರಿಯು ತಿಂಗಳಿಗೆ ಕೆಲವು ಪುಟಗಳನ್ನು ಅಂಜದೆ ಓದಬಲ್ಲ. ವರ್ಷ ತುಂಬುವಷ್ಟರಲ್ಲಿ ತಾನು ಒಂದು ಕಾದಂಬರಿಯನ್ನು ಓದಿ ಮುಗಿಸಿದೆನೆಂಬುದು ಅವನಿಗೇ ಆಶ್ಚರ್ಯವಾಗಿ ತೋರುತ್ತದೆ. ಓದುವ ಅಭ್ಯಾಸ ಬೆಳೆದದ್ದು ಹೀಗೆ, ಸಣ್ಣ ತುತ್ತುಗಳಲ್ಲಿ. ಇದಕ್ಕೆ ತಪ್ಪದ ನಿಯಮ ಬೇಕು. ಇಂದು ಬಂದು ನಾಳೆ ಬಾರದ ಪತ್ರಿಕೆಯನ್ನು ಯಾರೂ ಕಾಯುವುದಿಲ್ಲ.

ಇದರೊಡನೆ ಅಂಚೆಯ ಪಾತ್ರವನ್ನೂ ಗಣಿಸಬೇಕು. ೧೮೭೭ರಲ್ಲಿ ವಿ. ಪಿ. ಪದ್ಧತಿ, ೧೮೮೦ರಲ್ಲಿ ಅಂಚೆಯ ಮನಿಯಾರ್ಡರು ಭಾರತದಲ್ಲಿ ಜಾರಿಗೆ ಬಂದವು. ಪುಸ್ತಕ ಕೈಗೆ ಬಂದ ಮೇಲೆ ಹಣ ಕೊಡುವ ವಿ. ಪಿ. ಪದ್ಧತಿಯಿಂದ, ಗ್ರಂಥಕರ್ತನನ್ನು ಎಂದೂ ಕಾಣದ ಊರಿನವನಿಗೂ ಪುಸ್ತಕ ತರಿಸುವ ಧೈರ್ಯ ಬಂದಿತು. ವಾರಕ್ಕೊಮ್ಮೆಯೋ ಎರಡು ಬಾರಿಯೋ ಅಂಚೆಯಾಳು ಬರುವ ಹಳ್ಳಿಯಲ್ಲಿ ಅವನ ಚೀಲವೇ ಪುಸ್ತಕದ ಅಂಗಡಿ. ಕನ್ನಡ ಕಾದಂಬರಿಯ ಚರಿತ್ರೆಯನ್ನು ಬರೆಯುವವರು ಬಂಕಿಮ, ಆಪಟೆಯವರ ಪ್ರಭಾವದೊಡನೆ ಅಂಚೆಯ ಇಲಾಖೆಯ ಪ್ರಭಾವಕ್ಕೂ ಒಂದು ಅಧ್ಯಾಯವನ್ನು ಮೀಸಲಿಡುವುದು ನ್ಯಾಯ.

೬

ತಲುಪಿಸುವ ಕ್ರಮ ಎಷ್ಟೇ ಚೆನ್ನಾಗಿದ್ದರೂ ತಲುಪಿದ ವಸ್ತು ಓದುಗನದಾಗದಿದ್ದರೆ ಫಲವಿಲ್ಲ. ಗಳಗನಾಥರ ವಸ್ತುವಿನ ಆಯ್ಕೆಯನ್ನು ಈ ದೃಷ್ಟಿಯಿಂದ ನೋಡಬೇಕು. ೧೯೦೦ರಲ್ಲಿ ರಾಬರ್ಟ್ ಸಿವೆಲ್ಲರ ಇಂಗ್ಲಿಷ್ ಗ್ರಂಥ ಹೊರಬಂದ ಮೇಲೆ ವಿಜಯನಗರದ ಚರಿತ್ರೆ ವಿದ್ವಾಂಸರ ಗಮನಕ್ಕೆ ಬಂದಿತು. ೧೯೧೭ರಲ್ಲಿ ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ'ವು ಅದನ್ನು ವಿದ್ಯಾವಂತ ಕನ್ನಡಿಗರ ಅಭಿಮಾನದ ವಿಷಯವನ್ನಾಗಿ ಮಾಡಿತು. ಅದೇ ಚರಿತ್ರೆಯನ್ನು ಹಳ್ಳಿಯ ಓದುಗನ ಮನೆಯ ಕಥೆಯನ್ನಾಗಿ ಮಾಡಿದವರು ಗಳಗನಾಥರು. ೧೫೬೫ರ ಯುದ್ಧದಿಂದಾದ ಸಾಮ್ರಾಜ್ಯದ ಪತನವನ್ನು ಹೇಳುವ ಆಪಟೆಯವರ 'ವಜ್ರಾಘಾತ'ವು ಅವರ ಕೈಯಲ್ಲಿ 'ಕನ್ನಡಿಗರ ಕರ್ಮಕಥೆ'ಯಾಯಿತು. ಈ ಹೆಸರಿನ ಬದಲಾವಣೆಯೊಂದೇ ಒಂದು ಪ್ರಬಂಧಕ್ಕೆ ವಸ್ತುವಾಗಬಲ್ಲುದು. ಮರಾಠಿಯಲ್ಲಿ ಹೆಸರು ಘಟನೆಯನ್ನು ಸೂಚಿಸುತ್ತದೆ. ಕನ್ನಡದಲ್ಲಿ ಅದು ಓದುಗನನ್ನೇ ಹೆಸರು ಹಿಡಿದು ಕರೆಯುತ್ತದೆ. ಇದು ಯಾರದೋ ಕಥೆಯಲ್ಲ, ನಿನ್ನದೇ ಕರ್ಮದ ಕಥೆ ಎಂಬ ಕರೆ ಮುಖಪುಟದಲ್ಲಿಯೇ ಇದೆ. ೧೯೨೩ರಲ್ಲಿ ಪ್ರಕಟವಾದ 'ಮಾಧವ ಕರುಣಾವಿಲಾಸ'ದಲ್ಲಿ ಅವರು ಅನುವಾದದ ಆಸರೆಯನ್ನು ಬಿಟ್ಟು ವಿದ್ಯಾರಣ್ಯರನ್ನೂ ಸಾಮ್ರಾಜ್ಯದ ಸ್ಥಾಪನೆಯನ್ನೂ ಕುರಿತು ಸ್ವತಂತ್ರವಾಗಿ ಬರೆದರು. ಪತನದ ಕಥೆಯಿಂದ ಹುಟ್ಟಿನ ಕಥೆಗೆ ಅವರೊಡನೆ ಅವರ ಓದುಗರೂ ನಡೆದು ಬಂದರು.

ಭಾಷೆಯ ವಿಷಯದಲ್ಲಿಯೂ ಇದೇ ಎಚ್ಚರ. ಸಂಸ್ಕೃತ ಪದಗಳು ಅವರಲ್ಲಿ ಹೇರಳ. ಆದರೆ ಅವು ಪುರಾಣ ಕೇಳಿದ ಕಿವಿಗೆ ಪರಿಚಿತವಾದವು. ಕಥೆಯ ನಡುವೆ ನಿಂತು ವಾಚಕರನ್ನು ಸಂಬೋಧಿಸುವುದು, ಪಾತ್ರದ ಗುಣದೋಷಗಳನ್ನು ವಿಚಾರಿಸುವುದು, ನೀತಿಯನ್ನು ಹೇಳುವುದು ಇವು ಇಂದಿನ ವಿಮರ್ಶಕರಿಗೆ ಕಲೆಯ ದೋಷವಾಗಿ ಕಾಣುತ್ತವೆ. ಪುರಾಣ ಪ್ರವಚನದ ಕಟ್ಟೆಯಿಂದ ಮುದ್ರಿತ ಪುಟಕ್ಕೆ ಬರುತ್ತಿದ್ದ ಓದುಗನಿಗೆ ಅವು ಕೈಹಿಡಿದು ನಡೆಸುವ ಆಸರೆಗಳಾಗಿದ್ದವು. ಓದುಗನು ಒಂಟಿಯಾಗಿ ಕುಳಿತಿದ್ದರೂ ಅರ್ಥ ಹೇಳುವ ಗಮಕಿ ಪುಟದೊಳಗೆ ಜೊತೆಗೇ ಇದ್ದನು.

೭

ಈ ಸಾಧನೆಯ ಬೆಲೆಯನ್ನೂ ಹೇಳದಿದ್ದರೆ ಲೇಖನ ಸ್ತುತಿಪಾಠವಾದೀತು. ಓದುಗರನ್ನು ತಾನೇ ಕಟ್ಟಿಕೊಂಡ ಗ್ರಂಥಕರ್ತನು ಆ ಓದುಗರಿಂದ ಕಟ್ಟಲ್ಪಡುತ್ತಾನೆ. ತಿಂಗಳಿಗೊಮ್ಮೆ ತುಂಬಿಸಲೇಬೇಕಾದ ಪುಟಗಳು ವಿಸ್ತಾರವನ್ನು ಬೇಡುತ್ತವೆ, ಸಂಕ್ಷೇಪವನ್ನಲ್ಲ. ಗಳಗನಾಥರ ಗದ್ಯ ಎಷ್ಟೋ ಕಡೆ ಹಿಗ್ಗಿದೆ. ಒಂದೇ ಉಪದೇಶ ಮರಳಿ ಮರಳಿ ಬಂದಿದೆ. ಸನಾತನ ಧರ್ಮದ ಬಗೆಗೂ ಸ್ತ್ರೀಯರ ಕರ್ತವ್ಯದ ಬಗೆಗೂ ಅವರ ನಿಲುವು ಅವರ ಓದುಗರಲ್ಲಿ ಬಹುಮಂದಿಯ ನಿಲುವೇ ಆಗಿತ್ತು. ಅದನ್ನು ಕದಲಿಸುವ ಪ್ರಶ್ನೆಯನ್ನು ಅವರು ಹೆಚ್ಚಾಗಿ ಎತ್ತಲಿಲ್ಲ. ಗುಲ್ವಾಡಿ ವೆಂಕಟರಾಯರು ೧೮೯೯ರಷ್ಟು ಹಿಂದೆಯೇ 'ಇಂದಿರಾಬಾಯಿ'ಯಲ್ಲಿ ವಿಧವಾವಿವಾಹದಂಥ ವಿಷಯವನ್ನು ಎತ್ತಿದರೆಂಬುದನ್ನು ನೆನೆದರೆ ಈ ಮಿತಿ ಸ್ಪಷ್ಟವಾಗುತ್ತದೆ.

ಹಾಗೆಂದು ಇಬ್ಬರಲ್ಲಿ ಒಬ್ಬರನ್ನು ಆರಿಸಿ ಮತ್ತೊಬ್ಬರನ್ನು ತಳ್ಳುವುದು ಚರಿತ್ರಕಾರನ ಧರ್ಮವಲ್ಲ. ಓದುಗನಿಗೆ ಹೊಸ ವಿಚಾರವನ್ನು ಕೊಡುವುದು ಒಂದು ಕಾರ್ಯ; ಓದುಗನೆಂಬ ವ್ಯಕ್ತಿಯನ್ನೇ ಉಂಟುಮಾಡುವುದು ಮತ್ತೊಂದು ಕಾರ್ಯ. ಎರಡನೆಯದು ಆಗದೆ ಮೊದಲನೆಯದು ನಿಲ್ಲಲಾರದು. ಮುಂದಿನ ತಲೆಮಾರಿನ ಹೊಸ ಕಾದಂಬರಿಕಾರರು ಗಳಗನಾಥರ ಕಲೆಯನ್ನು ಒಪ್ಪಲಿಲ್ಲ. ಆದರೆ ಅವರನ್ನು ಓದಿದವರಲ್ಲಿ ಎಷ್ಟೋ ಮಂದಿ ಗಳಗನಾಥರ ಪುಟಗಳಲ್ಲಿ ಓದು ಕಲಿತವರು, ಇಲ್ಲವೆ ಅಂಥವರ ಮಕ್ಕಳು.

೮

ಗಳಗನಾಥರು ತೋರಿದ ದಾರಿ ಅವರೊಡನೆ ಮುಗಿಯಲಿಲ್ಲ. ೧೯೩೩ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಮೊದಲೇ ಕೂಡಿಸಿಕೊಂಡು ಪುಸ್ತಕಗಳನ್ನು ಕೊಡುವ ಕ್ರಮವನ್ನು ಹಿಡಿಯಿತು. ಮಾಸಪತ್ರಿಕೆಯ ಚಂದಾ ಪದ್ಧತಿಯನ್ನೇ ಇದು ಗ್ರಂಥಕ್ಕೆ ಅನ್ವಯಿಸಿದಂತೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಪ್ರಕಾಶನವನ್ನು ನಡೆಸಿದರು. ಜಿ. ಪಿ. ರಾಜರತ್ನಂ ತಮ್ಮ ಪುಸ್ತಕಗಳನ್ನು ತಾವೇ ಕೊಂಡೊಯ್ದು ಮಾರಿದರು, ಅದನ್ನು ಎಂದೂ ಕೀಳೆಂದು ಎಣಿಸಲಿಲ್ಲ. ೧೯೮೦ರಲ್ಲಿ ಪಿ. ಲಂಕೇಶರು ಅಧ್ಯಾಪಕ ವೃತ್ತಿಯನ್ನು ಬಿಟ್ಟು, ಜಾಹೀರಾತುಗಳನ್ನು ಒಲ್ಲೆನೆಂದು ಓದುಗನ ಕ್ರಯವನ್ನೇ ನೆಚ್ಚಿ ವಾರಪತ್ರಿಕೆಯನ್ನು ಆರಂಭಿಸಿದರು. ಅವರು ಹೇಳಿದ್ದು ಗಳಗನಾಥರು ಹೇಳಿದುದಕ್ಕೆ ಬಹುಮಟ್ಟಿಗೆ ವಿರುದ್ಧವಾದುದು. ಆದರೆ ಒಬ್ಬ ಲೇಖಕ, ಅವನ ನಿಯತವಾದ ದನಿ, ಆ ದನಿಗಾಗಿ ಕಾಯುವ ಓದುಗ ಎಂಬ ಸಂಬಂಧದ ಕಟ್ಟು ಒಂದೇ.

೯

ಇಂದು ಬರೆದುದನ್ನು ಪ್ರಕಟಿಸುವುದಕ್ಕೆ ದಾನಿಯೂ ಬೇಡ, ಮುದ್ರಣಾಲಯವೂ ಬೇಡ. ಬರೆದ ಗಳಿಗೆಯಲ್ಲಿಯೇ ಅದು ದೇಶಾಂತರದಲ್ಲಿರುವ ಕನ್ನಡಿಗನಿಗೂ ಕಾಣುತ್ತದೆ. ಕಾಣುವುದು ಓದುವುದಲ್ಲವಷ್ಟೆ. ಲಕ್ಷಾಂತರ ದನಿಗಳ ನಡುವೆ ತನ್ನ ದನಿಯನ್ನು ಯಾರು ಕೇಳಿಯಾರೆಂಬ ಅಳಲು ಇಂದಿನ ಯುವ ಲೇಖಕರಲ್ಲಿ ಎಲ್ಲೆಡೆಯೂ ಇದೆ. ಕರ್ನಾಟಕದ ಹೊರಗೆ, ಬೇರೆ ಭಾಷೆಗಳ ನಡುವೆ ಕುಳಿತು ಕನ್ನಡದಲ್ಲಿ ಬರೆಯುವವರಲ್ಲಿ ಅದು ಇಮ್ಮಡಿ. ಅವರ ಸ್ಥಿತಿ ೧೯೦೭ರ ಹಾವೇರಿ ಸೀಮೆಯ ಸ್ಥಿತಿಗಿಂತ ಬಹಳ ಬೇರೆಯಲ್ಲ. ಪಕ್ಕದ ಸಂತೆ ಆಗ ಮರಾಠಿಯದಾಗಿತ್ತು, ಈಗ ಜಗತ್ತಿನದು.

ಚರಿತ್ರೆ ಉಪಾಯಗಳನ್ನು ಕಲಿಸುವುದಿಲ್ಲ, ಉದಾಹರಣೆಗಳನ್ನು ಮಾತ್ರ ಕೊಡುತ್ತದೆ. ಗಳಗನಾಥರ ಉದಾಹರಣೆಯಿಂದ ತಿಳಿಯುವುದಿಷ್ಟು: ಓದುಗರ ಗುಂಪೆಂಬುದು ಇಲ್ಲ, ಒಬ್ಬೊಬ್ಬ ಓದುಗನಿರುತ್ತಾನೆ. ಅವನ ಬಾಗಿಲಿಗೆ ಒಮ್ಮೆ ಹೋಗಬೇಕು, ಹೇಳಿದ ದಿನಕ್ಕೆ ತಪ್ಪದೆ ಮರಳಿ ಬರಬೇಕು, ಅವನ ನಾಲಗೆಗೆ ಒಗ್ಗುವ ಮಾತಿನಲ್ಲಿ ಅವನದೇ ಕಥೆಯನ್ನು ಹೇಳಬೇಕು. ಹಾಗೆ ಹೇಳುವಾಗ ಅವನು ಮೆಚ್ಚುವುದನ್ನಷ್ಟೇ ಹೇಳುವ ಪ್ರಲೋಭನೆ ಕಾಡುತ್ತದೆಂಬುದನ್ನೂ ಮರೆಯಬಾರದು.

ಸಂಶೋಧಕರಿಗೆ ಕಡೆಯದಾಗಿ ಒಂದು ಮಾತು. ಹಸ್ತಪ್ರತಿಗಳನ್ನು ಓದುವವರು ಗ್ರಂಥಾಂತ್ಯದ ಲಿಪಿಕಾರನ ಒಕ್ಕಣೆಯನ್ನು ಬಿಡುವುದಿಲ್ಲ. ಯಾರಿಗಾಗಿ, ಎಲ್ಲಿ, ಎಂದು ಬರೆದನೆಂಬುದು ಅಲ್ಲಿ ದೊರೆಯುತ್ತದೆ. ಮುದ್ರಿತ ಪುಸ್ತಕಗಳ ವಿಷಯದಲ್ಲಿ ನಮಗೆ ಆ ಎಚ್ಚರವಿಲ್ಲ. ಹಳೆಯ ಮನೆಗಳ ಅಟ್ಟದ ಮೇಲೆ ಉಳಿದಿರಬಹುದಾದ ಮಾಸಪತ್ರಿಕೆಗಳ ಸಂಚಿಕೆಗಳಲ್ಲಿ ಕೊಂಡವರ ಹೆಸರು, ಊರು, ಓದಿ ಮುಗಿಸಿದ ದಿನ, ಅಂಚಿನಲ್ಲಿ ಗೀಚಿದ ಮಾತು ಇವೆಲ್ಲ ಇರಲು ಸಾಧ್ಯ. ಆ ಕಾಗದದ ಆಯುಸ್ಸು ಓಲೆಗರಿಯ ಆಯುಸ್ಸಿಗಿಂತ ಕಡಮೆ. ಕನ್ನಡದ ಓದುಗನ ಚರಿತ್ರೆಯನ್ನು ಬರೆಯಲು ಬೇಕಾದ ಆಕರಗಳು ಅವೇ. ಅವು ಪುಡಿಯಾಗಿ ಉದುರುವ ಮುನ್ನ ಯಾರಾದರೂ ಗಳಗನಾಥರಂತೆ ಹೆಗಲಿಗೆ ಗಂಟು ಹಾಕಿಕೊಂಡು ಊರೂರು ತಿರುಗಬೇಕಾಗಿದೆ. ಈ ಬಾರಿ ಕೊಡುವುದಕ್ಕಲ್ಲ, ಕೂಡಿಸಿ ತರುವುದಕ್ಕೆ.